ಹಂಗಿಲ್ಲದ ಒಂದು ರಾತ್ರಿ

ಈ ರಗಳೆಗೆಲ್ಲ ಮೂಲ ಒಂದು ಸೋಫಾ.

ಎಂಟು ವರ್ಷದ ಹಿಂದೆ ಯೋಗೀಶ ಹೆಂಡತಿ ಗೀತಾಳೊಂದಿಗೆ ಸ್ವೀಡನ್ನಿನ ಸೋಡರ್‌ಟೆಲ್ಯೆಗೆ ಬಂದಿಳಿದಾಗ, ಅವಳ ಅಣ್ಣ ಅವಿನಾಶ ಉಪ್ಸಾಲಾದಿಂದ ತನ್ನ ಹಳೆಯ ಸೋಫಾ ತಂದುಕೊಟ್ಟಿದ್ದ. ಕೊಟ್ಟದ್ದು ಒಂದೇ ಸಲ, ನೆನಪಿಸಿದ್ದು ಮಾತ್ರ ಹಬ್ಬ ಹಬ್ಬಕ್ಕೂ. ಬಂದಾಗಲೆಲ್ಲ ಕೂರುವುದಕ್ಕೆ ಮೊದಲು ಅದರ ಬೆನ್ನು ತಟ್ಟಿ, "ಎಷ್ಟು ಗಟ್ಟಿ ಇದೆ ನೋಡಿ ಯೋಗೀಶ್. ಇನ್ನೂ ಹತ್ತು ವರ್ಷ ಏನೂ ಆಗಲ್ಲ" ಎನ್ನುತ್ತಿದ್ದ, ಮದುವೆ ಮಾಡಿಕೊಟ್ಟ ಮಗಳನ್ನು ನೋಡಲು ಬಂದ ತಂದೆಯ ಹಾಗೆ.

ಯೋಗೀಶನಿಗೆ ಈ ಜಗತ್ತಿನಲ್ಲಿ ಆಗದ್ದು ಒಂದೇ, ಇನ್ನೊಬ್ಬರ ಹಂಗು. ಮನೆಯಲ್ಲಿ ಹಾಲು ಮುಗಿದರೆ ಪಕ್ಕದವರ ಬಾಗಿಲು ತಟ್ಟದೆ ಕರಿ ಕಾಫಿ ಕುಡಿಯುವ ಮನುಷ್ಯ. ಲಾರಿ ಕಾರ್ಖಾನೆಯಲ್ಲಿ ಫಿಕಾ ಎನ್ನುವ ಕಾಫಿ ವಿರಾಮದ ಹೊತ್ತಿಗೆ ಯಾರಾದರೂ ಒಂದು ಬನ್ನು ಕೈಗಿತ್ತರೆ, ಮಾರನೆಯ ದಿನ ಎರಡು ಬನ್ನು ಅವರ ಮೇಜಿನ ಮೇಲೆ ಇಟ್ಟ ಮೇಲೇ ಅವನಿಗೆ ಕೆಲಸಕ್ಕೆ ಕೈ ಬರುತ್ತಿದ್ದದ್ದು. ಅಂಥವನ ಮನೆಯ ಹಾಲ್‌ನಲ್ಲಿ ಆ ಸೋಫಾ ಎಂಟು ವರ್ಷದಿಂದ ಕಾಲು ಚಾಚಿ ಕೂತಿತ್ತು.

ಜುಲೈ ತಿಂಗಳ ಒಂದು ಭಾನುವಾರ ಅವಿನಾಶ ಸೋಫಾದ ಬೆನ್ನು ತಟ್ಟಿ, ಕೂತು, ಹೊಸ ಬಾಂಬು ಹಾಕಿದ.

"ಉಪ್ಸಾಲಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟ್ ಖಾಲಿ ಆಗ್ತಿದೆ. ನಾನು ಎಲ್ಲಾ ಮಾತಾಡಿದೀನಿ. ಸೆಪ್ಟೆಂಬರಿಗೆ ಬಂದ್ಬಿಡಿ."

"ನನ್ನ ಕೆಲಸ ಇಲ್ಲಿದೆಯಲ್ಲ ಭಾವ," ಎಂದ ಯೋಗೀಶ.

"ರೈಲಿಲ್ವೇನ್ರೀ? ಒಂದೂವರೆ ಗಂಟೆ. ಬೆಂಗಳೂರಲ್ಲಿ ಸಿಲ್ಕ್ ಬೋರ್ಡ್ ದಾಟೋಕೇ ಅಷ್ಟು ಬೇಕು."

ಗೀತಾ ಆಗಲೇ ಹೊಸ ಮನೆಗೆ ಪರದೆಯ ಬಣ್ಣ ಯೋಚಿಸುತ್ತಿದ್ದಳು. ಅಣ್ಣ ಹೋದ ಮೇಲೆ ಗಂಡ ಹೆಂಡಿರಿಗೆ ಹತ್ತಿಕೊಂಡಿತು.

"ಒಂದು ಸೋಫಾಗೆ ಎಂಟು ವರ್ಷ ಹೇಳಿದಾರೆ. ಮನೆ ಕೊಡಿಸಿದ್ರೆ ನನ್ನ ತಿಥಿ ದಿನಾನೂ ಎದ್ದು ನಿಂತು ಹೇಳ್ತಾರೆ ನಿಮ್ಮಣ್ಣ," ಎಂದ ಯೋಗೀಶ. "ನನಗೆ ಯಾರ ಸಹಾಯಾನೂ ಬೇಕಾಗಿಲ್ಲ."

"ಬೇಕಾಗಿಲ್ವಂತೆ. ಬೆಳಿಗ್ಗೆ ಎದ್ರೆ ಸಾಕ್ಸ್ ಹುಡುಕೋಕೆ ನಾನು ಬೇಕು. ಒಂದು ದಿನ ಯಾರ ಸಹಾಯಾನೂ ಇಲ್ದೆ ಇದ್ದು ತೋರ್ಸಿ, ನೋಡೋಣ."

"ತೋರಿಸ್ತೀನಿ. ಬೆಟ್ಟಕ್ಕೆ ಹೋಗ್ತೀನಿ. ಅಲ್ಲಿ ಕರೆಂಟಿಲ್ಲ, ನಲ್ಲಿ ಇಲ್ಲ, ಅಂಗಡಿ ಇಲ್ಲ. ಒಂದು ರಾತ್ರಿ ಅಲ್ಲಿ ಸ್ತೂಗಾದಲ್ಲಿ ಮಲಗಿ ಬರ್ತೀನಿ. ಯಾರ ಹತ್ರಾನೂ ಒಂದು ಕಡ್ಡಿ ಇಸ್ಕೊಳ್ಳಲ್ಲ. ಆಗ ಏನಂತೀಯ?"

ಸ್ತೂಗಾ ಎಂದರೆ ಬೆಟ್ಟ ಹತ್ತುವವರು ರಾತ್ರಿ ತಂಗುವ ಮರದ ಮನೆ. ಗೀತಾ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಆಗ ಫ್ಲ್ಯಾಟ್ ಬೇಡ ಅಂತ ಅಣ್ಣಂಗೆ ನಾನೇ ಹೇಳ್ತೀನಿ. ಒಂದು ಸಣ್ಣ ಸಹಾಯ ತಗೊಂಡ್ರೂ ಉಪ್ಸಾಲಾಕ್ಕೆ ಹೊರಡೋದು. ಹನೀಫಣ್ಣ ನಿಮ್ಮ ಜೊತೆ ಬರ್ಲಿ, ಸಾಕ್ಷಿಗೆ. ನೀವು ಬಂದು ಹೇಳಿದ್ದನ್ನ ನಾನು ನಂಬಲ್ಲ."

ಹನೀಫ್ ದಾವಣಗೆರೆಯವನು, ಯೋಗೀಶನ ಪಕ್ಕದ ಕುರ್ಚಿಯ ಸಹೋದ್ಯೋಗಿ. ಹೆಂಡತಿ ಮೈಮೂನಾ ಮಕ್ಕಳನ್ನು ಕರೆದುಕೊಂಡು ರಜಕ್ಕೆ ಊರಿಗೆ ಹೋಗಿದ್ದಳು. ಒಬ್ಬನೇ ಬ್ರೆಡ್ಡು ತಿಂದು ಬೇಸತ್ತಿದ್ದವನಿಗೆ ಇಂಥ ಪುಕ್ಕಟೆ ತಮಾಷೆ ಇನ್ನೆಲ್ಲಿ ಸಿಗಬೇಕು. ಕೇಳಿದ ಕೂಡಲೇ ಒಪ್ಪಿದ.

ಮುಂದಿನ ಶುಕ್ರವಾರ ಉತ್ತರಕ್ಕೆ ಇಡೀ ರಾತ್ರಿ ರೈಲು, ಬೆಳಿಗ್ಗೆ ಬಸ್ಸು, ಆಮೇಲೆ ಹನ್ನೆರಡು ಕಿಲೋಮೀಟರ್ ನಡಿಗೆ. ಯೆಮ್ಟ್‌ಲಾಂಡಿನ ಬೆಟ್ಟಗಳು ದೂರದಿಂದ ಬೋಳಿಸಿದ ತಲೆಯಂತೆ ನುಣ್ಣಗೆ ಕಾಣುತ್ತವೆ, ಹತ್ತಿರ ಹೋದರೆ ಕಲ್ಲು, ಕೆಸರು, ಸೊಳ್ಳೆ. ನಾಲ್ಕನೆಯ ಕಿಲೋಮೀಟರಿಗೆ ಯೋಗೀಶನ ಹೊಸ ಬೂಟು ಹಿಮ್ಮಡಿ ಕಚ್ಚಿತು. ಅವನು ಕುಂಟುವುದನ್ನು ನೋಡಿ ಹನೀಫ್ ಚೀಲದಿಂದ ಪ್ಲಾಸ್ಟರ್ ತೆಗೆದ.

"ಹಚ್ಕೊಳಪ್ಪಾ."

"ಬೇಡ."

"ನಾನು ಅತ್ತಿಗೆಗೆ ಹೇಳಂಗಿಲ್ಲ."

"ನೀನು ಹೇಳಲ್ಲ ಅನ್ನೋದೂ ಒಂದು ಹಂಗೇ," ಎಂದು ಯೋಗೀಶ ಒಂದು ಎಲೆ ಕಿತ್ತು ಹಿಮ್ಮಡಿಗೆ ಮೆತ್ತಿಕೊಂಡ. ಎಲೆ ಹತ್ತು ಹೆಜ್ಜೆಗೆ ಉದುರಿತು. ಛಲ ಉದುರಲಿಲ್ಲ. ಉಳಿದ ಎಂಟು ಕಿಲೋಮೀಟರನ್ನು ಅವನು ಬಿಸಿ ಹೆಂಚಿನ ಮೇಲೆ ಕಾಲಿಟ್ಟ ಬೆಕ್ಕಿನ ಹಾಗೆ ನಡೆದ.

ಮಧ್ಯಾಹ್ನ ಎರಡಕ್ಕೆ ಸ್ತೂಗಾ ಬಂತು. ಮರವೇ ಇಲ್ಲದ ಇಳಿಜಾರಿನಲ್ಲಿ ಒಂದು ಮನೆ, ಒಂದು ಸೌದೆ ಕೊಟ್ಟಿಗೆ, ಕೆಸರು ಗದ್ದೆಯಂಥ ಜೌಗಿನ ಆಚೆಗೆ ಕಕ್ಕಸು. ಬಾಗಿಲಲ್ಲಿ ಎಪ್ಪತ್ತು ದಾಟಿದ ಒಂದು ತೆಳ್ಳನೆಯ ಹೆಂಗಸು ನಿಂತಿದ್ದಳು. ಬೇಸಿಗೆಯಲ್ಲಿ ಈ ಮನೆ ನೋಡಿಕೊಳ್ಳುವ ಗುನಿಲ್ಲಾ. ಬಂದವರಿಗೆಲ್ಲ ಒಂದು ಲೋಟ ಬೆಚ್ಚಗಿನ ಹಣ್ಣಿನ ರಸ ಕೊಟ್ಟು ಬರಮಾಡಿಕೊಳ್ಳುವುದು ಇಲ್ಲಿನ ಪದ್ಧತಿ. ಅವಳು ಕೈಯಲ್ಲಿ ಎರಡು ಲೋಟ ಹಿಡಿದಿದ್ದಳು.

"ದಣಿದಿದ್ದೀಯ. ಕುಡಿ," ಎಂದಳು. ಸ್ವೀಡಿಷ್‌ನಲ್ಲಿ ರಾಜನಿಗೂ ಆಳಿಗೂ ಒಂದೇ ಏಕವಚನ.

"ಬೇಡ, ಥ್ಯಾಂಕ್ಸ್," ಎಂದ ಯೋಗೀಶ ಒಣಗಿದ ನಾಲಿಗೆಯಿಂದ.

"ಎಲ್ಲರೂ ಕುಡಿಯುತ್ತಾರೆ."

"ನಾನು ಕುಡಿಯುವುದಿಲ್ಲ."

ಹನೀಫ್ ಎರಡೂ ಲೋಟ ಕುಡಿದು, "ಚಲೋ ಐತಿ" ಎಂದು ಕನ್ನಡದಲ್ಲಿ ಹೇಳಿ ಮೀಸೆ ಒರೆಸಿಕೊಂಡ. ಯೋಗೀಶ ಅತ್ತ ನೋಡಲಿಲ್ಲ. ಮಲಗುವ ಮಂಚಕ್ಕೆ ಮುಂಚೆಯೇ ಹಣ ಕಟ್ಟಿದ್ದ, ಅದೊಂದು ಅವನದು. ಉಳಿದದ್ದರ ಮೇಲೆ ಅವನಿಗೆ ಅನುಮಾನ.

ಒಳಗೆ ಹೋದರೆ ಅನುಮಾನ ನಿಜವಾಯಿತು. ಒಲೆಯ ಪಕ್ಕ ಸೀಳಿದ ಸೌದೆ ನೀಟಾಗಿ ಪೇರಿಸಿತ್ತು. ಎರಡು ಬಕೆಟ್ ತುಂಬ ನೀರಿತ್ತು.

"ಇದನ್ನೆಲ್ಲ ಯಾರು ಮಾಡಿದ್ದು?" ಎಂದು ಗುನಿಲ್ಲಾಳನ್ನು ಕೇಳಿದ.

"ಬೆಳಿಗ್ಗೆ ಹೋದವರು. ಹೋಗುವವರು ಬರುವವರಿಗೆ ನೀರು ತುಂಬಿಟ್ಟು, ಸೌದೆ ಸೀಳಿಟ್ಟು ಹೋಗಬೇಕು."

"ಅವರ ಹೆಸರೇನು?"

"ಗೊತ್ತಿಲ್ಲ. ಆಗಲೇ ಬೆಟ್ಟ ದಾಟಿರುತ್ತಾರೆ."

ಯೋಗೀಶನ ಮುಖ ಬಿಳುಚಿತು. ಕೊಟ್ಟವನು ಅವಿನಾಶನಾದರೆ ಕನಿಷ್ಠ ಎದುರಿಗೆ ನಿಂತು ಬೇಡ ಎನ್ನಬಹುದು. ಹೆಸರಿಲ್ಲ, ಮುಖವಿಲ್ಲ, ಬೆಟ್ಟ ದಾಟಿ ಹೋದವರ ಹಂಗನ್ನು ಹೇಗೆ ತೀರಿಸುವುದು? ಎರಡೂ ಬಕೆಟ್ ಎತ್ತಿಕೊಂಡು ಹೊರಗೆ ಹೋದ. ನೀರನ್ನು ಹುಲ್ಲಿನ ಮೇಲೆ ಸುರಿದುಬಿಟ್ಟ.

ಅದನ್ನು ಒಳಗೆ ತಂಗಿದ್ದ ಇನ್ನೊಬ್ಬ ಚಾರಣಿಗ ಬೆಂಗ್ತ್ ಕಿಟಕಿಯಿಂದ ನೋಡಿದ. ಬೆಂಗ್ತ್ ನಿವೃತ್ತ ಮೇಷ್ಟರು, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರದಷ್ಟು ಎತ್ತರ. ಅದೇ ನೀರಿನಲ್ಲಿ ಆಗಷ್ಟೇ ಸೂಪ್ ಕುದಿಸಿ ಅರ್ಧ ತಟ್ಟೆ ಕುಡಿದಿದ್ದ.

"ನೀರು ಕೆಟ್ಟಿದೆಯಾ?" ಎಂದು ಓಡಿ ಬಂದು ಕೇಳಿದ.

"ಇಲ್ಲ. ಅದು ನನ್ನದಲ್ಲ."

ಹಂಗು ಎನ್ನುವುದಕ್ಕೆ ಸ್ವೀಡಿಷ್‌ನಲ್ಲಿ ಏನೆನ್ನಬೇಕೋ ಯೋಗೀಶನಿಗೆ ತಿಳಿಯಲಿಲ್ಲ. ಎದೆ ಮುಟ್ಟಿಕೊಂಡು, ಬಕೆಟ್ ತೋರಿಸಿ, ತಲೆ ಅಲ್ಲಾಡಿಸಿದ. ಬೆಂಗ್ತನಿಗೆ ಅರ್ಥವಾದದ್ದು ಇಷ್ಟೇ: ಈ ಮನುಷ್ಯ ನೀರು ಕುಡಿದಿದ್ದಾನೆ, ಎದೆಯಲ್ಲಿ ಏನೋ ಆಗಿದೆ. ಒಳಗೆ ಹೋಗಿ ಸೂಪಿನ ಪಾತ್ರೆ ಖಾಲಿ ಮಾಡಿದ. ಅದನ್ನು ನೋಡಿ ಒಳಗಿದ್ದ ಇನ್ನೂ ಐವರು ತಮ್ಮ ಕಾಫಿ, ಟೀ, ಬೇಯುತ್ತಿದ್ದ ಪಾಸ್ತಾ ಎಲ್ಲ ಚೆಲ್ಲಿದರು. ಹತ್ತು ನಿಮಿಷದಲ್ಲಿ ಇಡೀ ಸ್ತೂಗಾ ಪಾತ್ರೆ ಹಿಡಿದುಕೊಂಡು ಹೊಳೆಯ ದಾರಿ ಹಿಡಿದಿತ್ತು, ಬೆಂಗಳೂರಲ್ಲಿ ಟ್ಯಾಂಕರ್ ಬಂದಾಗ ಓಡಿದ ಹಾಗೆ.

"ಒಳ್ಳೆ ಶುರು ಮಾಡಿದಿ," ಎಂದ ಹನೀಫ್ ಬಾಗಿಲ ಮೆಟ್ಟಿಲ ಮೇಲೆ ಕೂತು. "ಅರ್ಧ ಗಂಟೆಗೆ ಆರು ಮಂದಿಯ ಊಟ ಕೆಡಿಸಿದಿ."

"ನನ್ನ ನೀರು ನಾನು ತಂದೆ. ಬರ್ಕೋ," ಎಂದ ಯೋಗೀಶ, ಹೊಳೆಯಿಂದ ಹೊತ್ತು ತಂದ ಬಕೆಟ್ ಇಳಿಸುತ್ತ.

ನೀರಾಯಿತು, ಇನ್ನು ಸೌದೆ. ಯೋಗೀಶ ಕೊಟ್ಟಿಗೆಗೆ ಹೋಗಿ ಕೊಡಲಿ ಎತ್ತಿಕೊಂಡ. ಲಾರಿಯ ಗೇರ್‌ಬಾಕ್ಸಿಗೆ ಸಾಫ್ಟ್‌ವೇರ್ ಬರೆಯುವವನು ಅವನು, ಕೊಡಲಿಯನ್ನು ಮುಟ್ಟಿದ್ದು ಅದೇ ಮೊದಲು. ಮೊದಲ ಏಟಿಗೆ ಕೊಡಲಿ ಕೊರಡಿನಲ್ಲಿ ಸಿಕ್ಕಿಕೊಂಡಿತು. ಎಳೆದರೆ ಕೊರಡೂ ಜೊತೆಗೆ ಮೇಲೆದ್ದು ಬಂತು. ಕೊಡಲಿ, ಕೊರಡು ಎರಡನ್ನೂ ತಲೆಯ ಮೇಲೆ ಹೊತ್ತು ಅವನು ಸುತ್ತು ಹೊಡೆಯುವಾಗ ಬೆಂಗ್ತ್ ಹೊಳೆಯಿಂದ ಬಂದ. ಕೊರಡನ್ನು ಬಿಡಿಸಿ, ತುಂಡನ್ನು ಎಲ್ಲಿಡಬೇಕು, ಎಲ್ಲಿ ಹೊಡೆಯಬೇಕು ಎಂದು ಒಂದು ಸಲ ತೋರಿಸಿದ. ತುಂಡು ಹಲಸಿನ ಹಣ್ಣಿನ ಹಾಗೆ ಎರಡಾಯಿತು.

ಬಾಗಿಲಿಂದ ಹನೀಫ್ ಕೆಮ್ಮಿದ. "ಅದು ಸಹಾಯ."

"ಅಲ್ಲ," ಎಂದ ಯೋಗೀಶ. "ಈಗಲೇ ತೀರಿಸ್ತೀನಿ, ಆಗ ಅಲ್ಲ."

ಬೆಂಗ್ತ್‌ನ ಪಾಲಿನ ಸೌದೆಯನ್ನೂ ತಾನೇ ಸೀಳಿ ಅವನ ಕಾಲ ಬಳಿ ಪೇರಿಸಿದ. ಇಲ್ಲೇ ಅವನ ಲೆಕ್ಕ ತಪ್ಪಿದ್ದು. ಎಂಟು ವರ್ಷ ಈ ದೇಶದಲ್ಲಿದ್ದೂ ಅವನು ಒಂದು ವಿಷಯ ಗಮನಿಸಿರಲಿಲ್ಲ. ಇನ್ನೊಬ್ಬರ ಹಂಗು ಇಲ್ಲಿಯವರಿಗೂ ಆಗದು. ಬೆಂಗ್ತ್ ಆ ಸೌದೆಯನ್ನು ನೋಡಿದ, ಕೆಂಪಾದ, ಗರಗಸ ತಗೊಂಡು ಒಂದು ಉದ್ದನೆಯ ಮರವನ್ನು ಕೊಯ್ದು ಯೋಗೀಶನ ಕಡೆಗೆ ಹಾಕಿದ. ಯೋಗೀಶ ಅದಕ್ಕೆ ಎರಡು ಕೊಯ್ದು ಅವನ ಕಡೆ ಹಾಕಿದ. ಅವನು ಇನ್ನೆರಡು, ಇವನು ಮತ್ತೊಂದು. ಅತ್ತ ಇತ್ತ ಗರಗಸ, ನಡುವೆ ಪುಡಿ. ಹಿಮ್ಮಡಿ ಉರಿಯಿತು, ಅಂಗೈ ಬೊಬ್ಬೆ ಎದ್ದಿತು, ಯೋಗೀಶ ಹಲ್ಲು ಕಚ್ಚಿ ಕೊಯ್ಯುತ್ತಲೇ ಇದ್ದ. ಪ್ರತಿ ಎಳೆತಕ್ಕೂ ಅವನ ಕಣ್ಣಿಗೆ ಸೋಡರ್‌ಟೆಲ್ಯೆಯ ಹಾಲ್ ಕಾಣುತ್ತಿತ್ತು, ಅದರಲ್ಲಿ ತಟ್ಟುವ ಒಂದು ಕೈ ಕಾಣುತ್ತಿತ್ತು.

ಗುನಿಲ್ಲಾ ಕಾಫಿ ಹಿಡಿದು ಬಂದು ಕೊಟ್ಟಿಗೆಯ ಹೊರಗೆ ಬಹಳ ಹೊತ್ತು ನಿಂತಿದ್ದಳು. ಸೌದೆಯ ರಾಶಿ ಮಾಡಿನ ಮಟ್ಟಕ್ಕೆ ಬಂದ ಮೇಲೆ ಮೆಲ್ಲಗೆ ಕೇಳಿದಳು:

"ಆ ಗೋಡೆಗೆ ಒರಗಿಸಿದ್ದ ಆರು ಉದ್ದ ಮರ ಎಲ್ಲಿ?"

ಇಬ್ಬರೂ ಗರಗಸ ನಿಲ್ಲಿಸಿ ಗೋಡೆ ನೋಡಿದರು. ಗೋಡೆ ಬರಿದಾಗಿತ್ತು.

"ಅದು ಸೌದೆಯಲ್ಲ," ಎಂದಳು ಗುನಿಲ್ಲಾ. "ಕಕ್ಕಸಿಗೆ ಹೋಗುವ ದಾರಿಗೆ ಹಾಸುವುದಕ್ಕೆ ತರಿಸಿದ್ದು. ಜೌಗಿನ ಮೇಲಿನ ಹಳೆಯ ಹಲಗೆ ಕೊಳೆತು ಹೋಗಿದೆ. ಮಾರ್ಚಿನಲ್ಲಿ ಹಿಮದ ಸ್ಕೂಟರಿಗೆ ಕಟ್ಟಿ ಎಳೆತಂದದ್ದು. ಇನ್ನು ಮುಂದಿನ ಹಿಮ ಬೀಳುವವರೆಗೆ ಬೇರೆ ಬರುವುದಿಲ್ಲ."

ಬೆಂಗ್ತ್ ನೆಲ ನೋಡಿದ. ಸೋಫಾ ಕೊಟ್ಟ ಒಬ್ಬನ ಹಂಗೇ ತಡೆಯದ ಯೋಗೀಶ ಈಗ ಒಂದು ಇಡೀ ಬೆಟ್ಟಕ್ಕೆ, ಅದರ ಮೇಲೆ ಮುಂದಿನ ಚಳಿಗಾಲದವರೆಗೆ ಕಕ್ಕಸಿಗೆ ಹೋಗುವ ಪ್ರತಿಯೊಬ್ಬನಿಗೂ ಬಾಕಿಯಾಗಿ ನಿಂತಿದ್ದ.

"ಪರ್ವಾಗಿಲ್ಲ, ಬಿಡು," ಎಂದಳು ಗುನಿಲ್ಲಾ. "ಬೂಟು ಒದ್ದೆ ಮಾಡಿಕೊಂಡು ಹೋಗುತ್ತಾರೆ."

ಪರವಾಗಿಲ್ಲ ಎನ್ನುವ ಮಾತೇ ಅವನನ್ನು ಚುಚ್ಚಿದ್ದು. ಕ್ಷಮಿಸಿದವರ ಹಂಗಿಗಿಂತ ದೊಡ್ಡ ಹಂಗು ಯಾವುದು?

"ಬಿಡಲ್ಲ," ಎಂದು ಯೋಗೀಶ ಕನ್ನಡದಲ್ಲೇ ಹೇಳಿದ. "ಕೊಯ್ದೋನು ನಾನು. ದಾರಿ ಮಾಡೋನೂ ನಾನೇ."

ಕೊಯ್ದ ತುಂಡುಗಳಲ್ಲಿ ದಪ್ಪನೆಯವನ್ನು ಆರಿಸಿ, ಬೆನ್ನ ಮೇಲೆ ಹೊತ್ತು ಜೌಗಿಗೆ ಇಳಿದ. ಮೊಣಕಾಲುದ್ದ ಕೆಸರು. ಕೆಳಗೆ ಕಲ್ಲು ಹಾಕಿ, ಮೇಲೆ ತುಂಡನ್ನು ನೆಟ್ಟಗೆ ನಿಲ್ಲಿಸಿ, ಕೊಡಲಿಯ ಬೆನ್ನಿನಿಂದ ಬಡಿದು ಕೂರಿಸಿದ. ಅಲ್ಲಿಂದ ಒಂದು ಹೆಜ್ಜೆ ದೂರಕ್ಕೆ ಇನ್ನೊಂದು. ಮೂರನೆಯದು ಅವನು ಹತ್ತಿ ನಿಂತ ಕೂಡಲೇ ವಾಲಿ ಅವನನ್ನು ಕೆಸರಿಗೆ ಉರುಳಿಸಿತು. ಎದ್ದ. ಮತ್ತೆ ಕೂರಿಸಿದ. ಬೆಂಗ್ತ್ ಪ್ಯಾಂಟು ಮಡಚಿಕೊಂಡು ಇಳಿಯಲು ಬಂದ.

"ಬೇಡ," ಎಂದ ಯೋಗೀಶ.

"ಮೂರು ಮರ ನಾನು ಕೊಯ್ದೆ. ನನ್ನ ಪಾಲು ನಾನು ಮಾಡುತ್ತೇನೆ. ನಿನ್ನ ಉಪಕಾರ ನನಗೆ ಬೇಡ," ಎಂದ ಬೆಂಗ್ತ್, ಅಷ್ಟೇ ಬಿಗಿಯಾಗಿ.

ಯೋಗೀಶನ ಮಾತನ್ನೇ ಯೋಗೀಶನಿಗೆ ಹೇಳಿದ ಹಾಗಿತ್ತು. ಬೆಂಗ್ತ್ ಕಕ್ಕಸಿನ ಕಡೆಯಿಂದ, ಯೋಗೀಶ ಮನೆಯ ಕಡೆಯಿಂದ, ಹೀಗೆ ಎರಡು ತುದಿಯಿಂದ ಕೆಲಸ ಸಾಗಿತು. ಊಟದ ಹೊತ್ತಿಗೆ ನಡುವೆ ಒಂದು ತುಂಡಿನ ಜಾಗ ಉಳಿಯಿತು. ಅದನ್ನು ಯಾರು ಇಡಬೇಕೆಂದು ಇಬ್ಬರೂ ಕೆಸರಲ್ಲಿ ನಿಂತು ಕಾಲು ಗಂಟೆ ವಾದ ಮಾಡಿದರು. ಕೊನೆಗೆ ಗುನಿಲ್ಲಾ ಬಂದು ತಾನೇ ಅದನ್ನು ಇಟ್ಟು, ಅದರ ಮೇಲೆ ಕಾಲಿಟ್ಟು, ಒಂದೂ ವಾಲದ ಮೂವತ್ತೊಂದು ತುಂಡುಗಳ ಮೇಲೆ ಕೊಕ್ಕರೆಯ ಹಾಗೆ ನಡೆದು ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡಳು.

ಹೊರಗೆ ನಿಂತ ಆರು ಮಂದಿ ಚಪ್ಪಾಳೆ ತಟ್ಟಿದರು. ಹನೀಫ್ ಫೋನಿನಲ್ಲಿ ಫೋಟೋ ಹೊಡೆದೇ ಹೊಡೆದ.

"ಬೆಂಗ್ತ್ ಅರ್ಧ ಮಾಡ್ದ. ಅದನ್ನ ಏನಂತ ಬರ್ಕೊಳ್ಲಿ?" ಎಂದು ಕೇಳಿದ.

"ಅವನ ತಪ್ಪು ಅವನು ತಿದ್ಕೊಂಡ. ಅದು ಸಹಾಯ ಹೇಗಾಗುತ್ತೆ?"

ಹನೀಫ್ ಗಡ್ಡ ಕೆರೆದುಕೊಂಡು, ನ್ಯಾಯ ಪಂಚಾಯ್ತಿಯ ಹಿರಿಯನ ಹಾಗೆ ಕಣ್ಣು ಮುಚ್ಚಿ, "ಆತು, ಒಪ್ದೆ" ಎಂದ.

ಆ ರಾತ್ರಿ ಯೋಗೀಶ ತಾನೇ ತಂದ ನೀರಿನಲ್ಲಿ, ತಾನೇ ಸೀಳಿದ ಸೌದೆಯಲ್ಲಿ, ತಾನೇ ಹೊತ್ತು ತಂದ ಅವಲಕ್ಕಿಗೆ ಒಗ್ಗರಣೆ ಹಾಕಿ ತಿಂದ. ಉಪ್ಪು ತರುವುದನ್ನು ಮರೆತಿದ್ದ. ಮೇಜಿನ ಮೇಲೆ ಉಪ್ಪಿನ ಡಬ್ಬಿ ಇತ್ತು. ಅದನ್ನು ಒಂದು ಸಲ ನೋಡಿ, ಉಪ್ಪಿಲ್ಲದ ಅವಲಕ್ಕಿಯನ್ನು ಕೊನೆಯ ಕಾಳಿನವರೆಗೂ ತಿಂದು ಮಲಗಿದ. ಎಂಟು ವರ್ಷದಲ್ಲಿ ಅಷ್ಟು ಸುಖವಾದ ನಿದ್ದೆ ಅವನಿಗೆ ಬಂದಿರಲಿಲ್ಲ.

ಬೆಳಿಗ್ಗೆ ಹೊರಡುವ ಮೊದಲು ನೆಲ ಗುಡಿಸಿದ, ಒಲೆಯ ಬೂದಿ ತೆಗೆದ, ಮುಸುರೆ ಬಕೆಟ್ ಹೊತ್ತು ಹೋಗಿ ಚೆಲ್ಲಿ ಬಂದ. ಬರುವವರಿಗೆ ನೀರು ತುಂಬಿಟ್ಟ. ಸೌದೆಯಂತೂ ಇನ್ನು ಎರಡು ಬೇಸಿಗೆಗೆ ಆಗುವಷ್ಟಿತ್ತು. ಗುನಿಲ್ಲಾ ಮತ್ತೆ ಒಂದು ಲೋಟ ಹಣ್ಣಿನ ರಸ ಚಾಚಿದಳು.

"ಇದಕ್ಕೆ ನಾನೇನು ಮಾಡಬೇಕು?" ಎಂದು ಕೇಳಿದ ಯೋಗೀಶ.

"ಕುಡಿದು ಲೋಟ ತೊಳೆದಿಡು."

ಅವನು ಕುಡಿದು, ತನ್ನ ಲೋಟ, ಹನೀಫನ ಲೋಟ, ಗುನಿಲ್ಲಾಳ ಕಾಫಿ ಬಟ್ಟಲು ಮೂರನ್ನೂ ತೊಳೆದು ಬೋರಲು ಹಾಕಿದ. ಬೆಂಗ್ತ್ ಕೈ ಕುಲುಕಿದ. ಇಬ್ಬರ ಅಂಗೈಯಲ್ಲೂ ಬೊಬ್ಬೆ ಇದ್ದದ್ದರಿಂದ ಇಬ್ಬರೂ ಒಟ್ಟಿಗೆ ಮುಖ ಕಿವುಚಿದರು. ಯಾರಿಗೆ ಯಾರೂ ಬಾಕಿ ಉಳಿಯಲಿಲ್ಲ.

ಇಳಿಯುವಾಗ ಯೋಗೀಶ ಕುಂಟುತ್ತಿದ್ದರೂ ತಲೆ ಎತ್ತಿಕೊಂಡೇ ಕುಂಟಿದ. ದಾರಿಯುದ್ದಕ್ಕೂ ಅವಿನಾಶನಿಗೆ ಏನು ಹೇಳಬೇಕೆಂದು ಗಟ್ಟಿಯಾಗಿ ಅಭ್ಯಾಸ ಮಾಡಿದ. ಬಸ್ ನಿಲ್ದಾಣಕ್ಕೆ ಬಂದಾಗ ಫೋನಿಗೆ ಸಿಗ್ನಲ್ ಬಂತು. ಹನೀಫನ ಫೋನಿನಿಂದ ನಲವತ್ತು ಫೋಟೋಗಳು ಒಂದರ ಹಿಂದೊಂದು ಗೀತಾಳಿಗೆ ಹಾರಿದವು. ಐದು ನಿಮಿಷಕ್ಕೆ ಅವಳೇ ಫೋನ್ ಮಾಡಿದಳು. ಯೋಗೀಶ ಸ್ಪೀಕರ್ ಹಾಕಿದ.

"ಹನೀಫಣ್ಣ, ಇದೆಲ್ಲ ಇವ್ರೇ ಮಾಡಿದ್ದಾ?" ಎಂದು ಕೇಳಿದಳು.

"ಅತ್ತಿಗೆ, ಸಾಕ್ಷಿ ಹೇಳ್ತೀನಿ. ನೀರು ಹೊತ್ತ, ಸೌದೆ ಒಡೆದ, ಕೆಸರಾಗ ದಾರಿ ಕಟ್ಟಿದ. ಯಾರ ಕೈಯಿಂದಾನೂ ಏನೂ ಇಸ್ಕೊಳ್ಲಿಲ್ಲ. ಉಪ್ಪು ಸೈತ ಮುಟ್ಲಿಲ್ಲ."



"ನಾನು ಸೋತೆ ಕಣ್ರೀ," ಎಂದಳು ಗೀತಾ. ದನಿಯಲ್ಲಿ ಸೋತ ಬೇಜಾರಿಗಿಂತ ಹೆಮ್ಮೆಯೇ ಜಾಸ್ತಿ ಇತ್ತು. "ಅಣ್ಣ ಇಲ್ಲೇ ಬಂದಿದಾನೆ. ಫೋಟೋ ಎಲ್ಲಾ ತೋರ್ಸಿದೆ. ಫ್ಲ್ಯಾಟ್ ಬೇಡ ಅಂತಾನೂ ಹೇಳ್ದೆ. ಆಯ್ತು ಅಂದ. ನಿಮ್ಮ ಹತ್ರ ಮಾತಾಡ್ಬೇಕಂತೆ."

ಯೋಗೀಶ ಹನೀಫನ ಕಡೆ ನೋಡಿ ಹುಬ್ಬು ಹಾರಿಸಿದ. ಗಂಟಲು ಸರಿಮಾಡಿಕೊಂಡು, ಅಭ್ಯಾಸ ಮಾಡಿದ ಮಾತಿನ ಮೊದಲ ಸಾಲನ್ನು ತುಟಿಗೆ ತಂದುಕೊಂಡ. ಅಷ್ಟರಲ್ಲಿ ಅವಿನಾಶನೇ ಶುರು ಮಾಡಿದ.

"ಯೋಗೀಶ್, ನಿಮ್ಮನ್ನ ನಾನು ತಪ್ಪು ತಿಳ್ಕೊಂಡಿದ್ದೆ. ನಿಮಗೆ ಏನೂ ಬರಲ್ಲ, ಪಕ್ಕದಲ್ಲಿಟ್ಟುಕೊಂಡು ನೋಡ್ಕೋಬೇಕು ಅಂತ ಫ್ಲ್ಯಾಟ್ ನೋಡಿದ್ದು. ಇನ್ನು ಆ ಮಾತು ಬಿಡಿ. ಇನ್ಮೇಲೆ ನಾನು ನಿಮಗೆ ಏನೂ ಕೊಡಲ್ಲ."

"ಥ್ಯಾಂಕ್ಸ್ ಭಾವ," ಎಂದ ಯೋಗೀಶ. ಇಷ್ಟು ಸುಲಭವಾಗಿ ಗೆಲ್ಲುತ್ತೇನೆಂದು ಅವನು ಅಂದುಕೊಂಡಿರಲಿಲ್ಲ.

"ಈಗ ನನ್ನ ವಿಷ್ಯ ಕೇಳಿ. ಹೋದ ತಿಂಗಳು ಉಪ್ಸಾಲಾ ಹತ್ರ ಕೆರೆ ದಡದಲ್ಲಿ ಒಂದು ಹಳೇ ಬೇಸಿಗೆ ಮನೆ ತಗೊಂಡೆ. ನಿಮಗೆಲ್ಲ ಸರ್‌ಪ್ರೈಸ್ ಕೊಡೋಣ ಅಂತ ಹೇಳಿರ್ಲಿಲ್ಲ. ತಗೊಂಡ ಮೇಲೆ ಗೊತ್ತಾಯ್ತು, ಕರೆಂಟಿಲ್ಲ, ನೀರಿಲ್ಲ, ಬಾವಿ ಅರ್ಧ ಮೈಲಿ ದೂರ. ಒಲೆಗೆ ಸೌದೆ ಬೇಕು. ಕಕ್ಕಸಂತೂ ಕೆಸರಿನ ಆಚೆ. ಇಲ್ಲಿ ಯಾರನ್ನ ಕರೆದ್ರೂ ಮುಂದಿನ ವರ್ಷ ಬರ್ತೀನಿ ಅಂತಾರೆ. ಮಾರಿಬಿಡೋಣ ಅಂತಿದ್ದೆ. ಅಷ್ಟರಲ್ಲಿ ನಿಮ್ಮ ಫೋಟೋ ಬಂತು."

ಯೋಗೀಶನ ತುಟಿಯ ಮೇಲಿದ್ದ ಸಾಲು ಅಲ್ಲೇ ಒಣಗಿತು.

"ನಾನೇ ಹೇಳ್ದೆ ಕಣ್ರೀ, ಪ್ರತಿ ಶನಿವಾರ ಬಂದು ಮಾಡಿಕೊಡ್ತಾರೆ, ಹಿಮ ಬೀಳೋವರೆಗೂ," ಎಂದಳು ಗೀತಾ ಹಿಂದಿನಿಂದ. "ಅವರಿಗೆ ಯಾರ ಸಹಾಯಾನೂ ಬೇಡ, ಒಬ್ರೇ ಮಾಡ್ತಾರೆ ಅಂದೆ."

"ಇಷ್ಟು ವರ್ಷ ನನ್ನ ಹಂಗಲ್ಲಿದೀನಿ ಅಂತ ನಿಮಗೆ ಬೇಜಾರಿತ್ತಂತೆ," ಎಂದ ಅವಿನಾಶ, ದನಿ ಗದ್ಗದವಾಗಿತ್ತು. "ಇನ್ಮೇಲೆ ನಾನು ನಿಮ್ಮ ಹಂಗಲ್ಲಿ ಇರ್ತೀನಿ. ಬಿಡಿ, ನನಗೇನೂ ಬೇಜಾರಿಲ್ಲ."

ಹನೀಫ್ ಬೆಟ್ಟದ ಕಡೆ ತಿರುಗಿ ನಿಂತಿದ್ದ. ಭುಜ ಮಾತ್ರ ಕುಲುಕುತ್ತಿತ್ತು.

"ಬರೋ ಶನಿವಾರ ಸ್ಟೇಷನ್ನಿಗೆ ಕಾರು ತರ್ತೀನಿ. ಅಲ್ಲಿಂದ ಮನೆಗೆ ಹದಿನಾಲ್ಕು ಕಿಲೋಮೀಟರಿದೆ," ಎಂದ ಅವಿನಾಶ.

ಯೋಗೀಶ ಬೆನ್ನು ನೆಟ್ಟಗೆ ಮಾಡಿಕೊಂಡ.

"ನಿಮ್ಮ ಕಾರು ಬೇಡ ಭಾವ," ಎಂದ. "ನಾನು ನಡ್ಕೊಂಡೇ ಬರ್ತೀನಿ."